ಶಿಳ್ಳೆ ನಿಂತ ಮಧ್ಯಾಹ್ನ

ಬೇಕರಿಯಲ್ಲಿ ಅವನನ್ನು ಎಲ್ಲರೂ ಶಿಳ್ಳೆಯಣ್ಣ ಎಂದೇ ಕರೆಯುತ್ತಿದ್ದರು. ಅವನೇನೂ ಶಿಳ್ಳೆ ಹೊಡೆಯುವವನಲ್ಲ, ಹೊಡೆಯುತ್ತಿದ್ದದ್ದು ಅವನ ಎದೆ. ಮೀಸೆ ಚಿಗುರುವ ಮೊದಲಿನಿಂದ ಹಿಟ್ಟಿನ ಧೂಳು ಕುಡಿದ ಶ್ವಾಸನಾಳಗಳು ಚೂರು ಹೊಗೆಗೂ, ಚೂರು ಥಂಡಿಗೂ ಬಿಗಿದುಕೊಳ್ಳುತ್ತಿದ್ದವು. "ಮುಟ್ಟಿದ್ರೆ ಮುನಿ ಗಿಡ ನುಂಗಿದೀನಿ ಕಣ್ರೋ," ಎಂದು ಅವನೇ ನಗಿಸುತ್ತಿದ್ದ.

ಬೆಳಗಿನ ಜಾವ ಒಲೆಯ ಮುಂದೆ ನಿಂತವನು ಮಧ್ಯಾಹ್ನ ಮನೆಗೆ ಬಂದು ಮಲಗುತ್ತಿದ್ದ. ಅದೇ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ತುಳಿಯುತ್ತಲೇ ಅವಳ ಒಂದು ಕಿವಿ ಅವನ ಎದೆಯ ಮೇಲೆ. ಶಿಳ್ಳೆ ಜೋರಾದರೆ ಎದ್ದು ಉಬ್ಬಸದ ಪಂಪ್ ಬಾಯಿಗೆ ಹಿಡಿಯುವಳು, ನಿಂತರೆ ಮತ್ತೆ ತುಳಿಯುವಳು. ಅವಳು ಕಲಿತ ವೈದ್ಯ ಇಷ್ಟೇ.

ಹರ್ನಿಯಾ ಆಪರೇಷನ್ ಎಂದಾಗ ಅವಳ ಜೀವ ಬಾಯಿಗೆ ಬಂತು. ಇಂಥ ಎದೆಗೆ ಮತ್ತಿನ ಮದ್ದು ಕೊಟ್ಟರೆ ಏಳುತ್ತಾನೆಯೇ? ಎದ್ದ. ಎದ್ದಾಗ ಎದೆಯಲ್ಲಿ ಸದ್ದೇ ಇರಲಿಲ್ಲ. ಅವಳು ಕಿವಿಯಿಟ್ಟು ಕೇಳಿದಳು. ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು. ವಾರ್ಡಿನಲ್ಲೇ ಅತ್ತುಬಿಟ್ಟಳು.

"ಮತ್ತಿನ ಗ್ಯಾಸ್‌ಗಳಲ್ಲಿ ಕೆಲವು ಘಾಟು ಕಣಮ್ಮ, ಇಂಥವ್ರ ನಾಳಾನ ಕೆರಳಿಸುತ್ತೆ," ಎಂದರು ಅರಿವಳಿಕೆ ಕೊಟ್ಟ ಡಾಕ್ಟರಮ್ಮ. "ನಾವು ಕೊಟ್ಟಿದ್ದು ಬಿಗಿದಿದ್ದನ್ನ ಸಡಿಲ ಮಾಡೋವಂಥದ್ದು. ಆದ್ರೆ ಗ್ಯಾಸ್ ಮೈಯಿಂದ ಹೋದ್ರೆ ಆ ಗುಣಾನೂ ಹೋಗುತ್ತೆ. ಪಂಪ್ ಬಿಡಬೇಡಿ."

ಸಡಿಲ ಎನ್ನುವುದಷ್ಟೇ ಅವಳಲ್ಲಿ ಉಳಿಯಿತು, ಮಿಕ್ಕದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಳ್ಳಲು ಯಾರಿಗೆ ಆಸೆಯಿಲ್ಲ ಹೇಳಿ? "ಹೊಟ್ಟೆ ರಿಪೇರಿಗೆ ಹೋದ್ರೆ ಎದೇನೂ ರಿಪೇರಿ ಮಾಡಿ ಕಳ್ಸಿದ್ರು," ಎಂದು ಬೀದಿಗೆಲ್ಲ ಸಾರಿದಳು. ಗಾಯ ಮಾಯುವವರೆಗೆ ಅವನು ಮನೆಯಲ್ಲೇ ಇದ್ದ, ಹಿಟ್ಟಿನ ಧೂಳಿರಲಿಲ್ಲ, ಶಿಳ್ಳೆಯೂ ಏಳಲಿಲ್ಲ. ಅವನೂ ನಂಬಿದ. ಪಂಪ್ ಕಪಾಟಿನ ಮೂಲೆ ಸೇರಿತು.

ಮತ್ತೆ ಕೆಲಸಕ್ಕೆ ಹೋದ ದಿನವೇ ಶಿಳ್ಳೆಯೊಂದಿಗೆ ಮರಳಿದ. ಹಾಸಿಗೆಯ ಮೇಲೆ ಮೊಣಕಾಲಿಗೆ ಕೈಯೂರಿ ಕುಳಿತ. ಅವಳು ಕಪಾಟಿನತ್ತ ಹೊರಟಳು.

"ಬಿಡೇ," ಎಂದ, ಮಾತು ಮಾತಿಗೂ ನಿಂತು. "ಗ್ಯಾಸ್... ಒಳಗಿದೆಯಲ್ಲ. ಅದೇ ಸಡಿಲ ಮಾಡುತ್ತೆ."

ಅವಳು ಬಿಟ್ಟಳು. ಸ್ವಲ್ಪ ಹೊತ್ತಿಗೆ ಶಿಳ್ಳೆ ಸಣ್ಣಗಾಯಿತು. ಆಮೇಲೆ ನಿಂತಿತು. ತಲೆ ಗೋಡೆಗೆ ವಾಲಿತು.

"ನೋಡಿದ್ರಾ, ಬಿಟ್ಕೊಳ್ತು," ಎಂದು ಅವಳು ತಲೆಗೆ ದಿಂಬು ಕೊಟ್ಟು ಹೊದಿಕೆ ಎಳೆದಳು. ಹಾಳು ಸಮಾಧಾನ! ಅವನ ನಿದ್ದೆ ಕೆಡಬಾರದೆಂದು ಯಂತ್ರ ನಿಲ್ಲಿಸಿ, ಕಿಟಕಿಯ ಬಳಿ ಕುಳಿತು ಅಂಗಿಗಳಿಗೆ ಕೈಯಲ್ಲೇ ಗುಂಡಿ ಹಾಕಿದಳು. ಟೀಗೆ ಎಬ್ಬಿಸಲು ಹೋದಾಗ ಅವನ ಕೈ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಅವಳ ಪಕ್ಕದಲ್ಲಿ ಕುಳಿತರು. ಶಿಳ್ಳೆಗೂ ಒಂದಿಷ್ಟು ಗಾಳಿ ಬೇಕಂತೆ, ನಾಳ ಪೂರಾ ಮುಚ್ಚಿಕೊಂಡರೆ ಅದೂ ಏಳುವುದಿಲ್ಲವಂತೆ. ಇಷ್ಟು ವರ್ಷ ಅವಳು ಹೆದರಿದ್ದು ಶಿಳ್ಳೆಗೆ. ಹೆದರಬೇಕಾಗಿದ್ದದ್ದು ಅದು ನಿಂತದ್ದಕ್ಕೆ.

ಈಗ ಮಧ್ಯಾಹ್ನಗಳಲ್ಲಿ ಹೊಲಿಯಲು ಬಟ್ಟೆಯಿಲ್ಲದಿದ್ದರೂ ಯಂತ್ರ ತುಳಿಯುತ್ತಾಳೆ. ಯಾಕಕ್ಕಾ ಎಂದು ಪಕ್ಕದ ಮನೆಯವಳು ಕೇಳಿದರೆ ತುಳಿಯುವುದನ್ನು ನಿಲ್ಲಿಸುವುದಿಲ್ಲ.

"ಅವತ್ತು ತುಳಿದಿದ್ರೆ, ಸದ್ದಿಗಾದ್ರೂ ಎದ್ದಿರೋರು."