ಕಣಗಿಲೆ ಬೆಳೆಸಿದ ಆಯಿ

ಮೊನ್ನೆ ವಾಕಡದ ಹತ್ತಿರ ಹೆದ್ದಾರಿಯ ನಡುವಿನ ಕಣಗಿಲೆ ಗಿಡಗಳನ್ನು ಕತ್ತರಿಸುತ್ತಿದ್ದರು. ಸಿಗ್ನಲ್ಲಿಗೆ ನಿಂತ ರಿಕ್ಷಾದೊಳಗೆ ಹಸಿ ಎಲೆಯ ಕಹಿ ವಾಸನೆ ನುಗ್ಗಿತು. ರಸ್ತೆಯ ಮೇಲೆ ಬಿದ್ದ ರೆಂಬೆಗಳ ತುದಿಯಲ್ಲಿ ಬಿಳಿ ಹಾಲು ಜಿನುಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಮರಾಠಿ ಸೀಮೆಯ ನಿಗಡಿಯಲ್ಲಿ, ನಮ್ಮ ಚಾಳಿನ ಸಾಲುಮನೆಗಳ ಕಡೆಯ ಖೋಲಿಯಲ್ಲಿ ಬೀದರ ಕಡೆಯ ಒಬ್ಬ ಮುದುಕಿ ಒಂಟಿಯಾಗಿದ್ದಳು. ಎಲ್ಲರಿಗೂ ಅವಳು ಆಯಿ. ನಳದ ನೀರು ಹರಿದುಹೋಗುವ ಕಡೆ ಕಣಗಿಲೆ, ಆಡುಸೋಗೆ ಬೆಳೆಸಿದ್ದಳು. ಕಣಗಿಲೆಯ ಎಲೆಯನ್ನು ಎಳ್ಳೆಣ್ಣೆಯಲ್ಲಿ ಕುದಿಸಿ ಕಜ್ಜಿ, ಹುಳುಕಡ್ಡಿಗೆ ಹಚ್ಚಲು ಕೊಡುತ್ತಿದ್ದಳು. ಕಾರ್ಖಾನೆಯ ಎಣ್ಣೆಯಿಂದ ಕೈ ತುರಿಸಿಕೊಳ್ಳುವ ಗಂಡಸರು ಅವಳ ಬಾಗಿಲಲ್ಲಿ ಸಾಲಾಗಿ ಕೂರುತ್ತಿದ್ದರು. ಕೆಮ್ಮಿಗೆ ಆಡುಸೋಗೆಯ ಕಷಾಯ. ಆದರೆ ಎಲೆಯನ್ನು ಅವಳೇ ಕಿತ್ತು ಕೊಡಬೇಕು, ಮಕ್ಕಳು ಗಿಡ ಮುಟ್ಟುವಂತಿರಲಿಲ್ಲ.

ನನಗೊಮ್ಮೆ ತೋರಿಸಿದ್ದಳು. "ನೋಡವಾ, ಕಣಗಲಕ್ಕ ಒಂದು ಗಂಟಿಗೆ ಮೂರು ಎಲಿ, ಮುರದ್ರ ಹಾಲು. ಆಡಸೋಗಿಗೆ ಎರಡ, ಹಾಲಿಲ್ಲ. ಕಣಗಲ ಮೈಗೆ ಔಷಧ, ಹೊಟ್ಟಿಗೆ ವಿಷ."

ನನಗಾಗ ಹತ್ತು ವರ್ಷ. ಅಜ್ಜನಿಗೆ ಕೆಮ್ಮು ಹೆಚ್ಚಾಗಿತ್ತು. ಆಯಿಯ ಹತ್ತಿರ ಆಡುಸೋಗೆ ತಾ ಎಂದು ಅವ್ವ ಕಳಿಸಿದಳು. ಆಯಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಂಗಳದಲ್ಲಿ ಗೆಳತಿಯರು ಕುಂಟಾಬಿಲ್ಲೆಗೆ ಕರೆಯುತ್ತಿದ್ದರು. ಕಣಗಿಲೆಯನ್ನು ಆ ವಾರವಷ್ಟೇ ಸವರಿದ್ದರಿಂದ ಒಂದೂ ಹೂವಿರಲಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಎಲೆ ಹರಿದುಕೊಂಡು ಬಂದೆ. ಅವ್ವ ಒಲೆಯ ಮುಂದೆ ಕೂತು ಇತ್ತ ತಿರುಗದೆಯೇ, "ಆಯಿ ಕೊಟ್ಟಳೇನು?" ಎಂದಳು.

"ಹೂಂ" ಎಂದು ಆಟಕ್ಕೆ ಓಡಿದೆ. ಅವ್ವ ಕಷಾಯ ಕುದಿಸಿ ಅಜ್ಜನಿಗೆ ಕುಡಿಸಿದಳು.

ಆಟ ಮುಗಿಯುವ ಮುಂಚೆಯೇ ಒಳಗಿನಿಂದ ಅವ್ವನ ಕೂಗು ಕೇಳಿತು. ಅಜ್ಜ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ್ದ. ಎಲ್ಲವೂ ಹಳದಿಯಾಗಿ ಕಾಣುತ್ತಿದೆ ಎಂದು ತೊದಲುತ್ತಿದ್ದ. ಮಂಡಿಯಿಂದ ಕಾಯಿಪಲ್ಲೆ ತರುತ್ತಿದ್ದ ಆಯಿ ಚೀಲ ಬಿಸಾಕಿ ಓಡಿ ಬಂದಳು. ಪಾತ್ರೆಯೊಳಗಿನ ಬೆಂದ ಎಲೆಯನ್ನು ಬೆರಳಿನಿಂದ ಎತ್ತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೊರಗೆ ಹೋಗಿ ಕಣಗಿಲೆಯ ರೆಂಬೆ ಮುರಿದುಕೊಂಡು, ಅಜ್ಜನನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋದಳು.

ನಾಡಿ ತೀರಾ ನಿಧಾನವಾಗಿತ್ತಂತೆ. ಆಯಿ ರೆಂಬೆಯನ್ನು ಡಾಕ್ಟರರ ಮೇಜಿನ ಮೇಲಿಟ್ಟು, "ಹೇಚ್ ಪ್ಯಾಯಲೇತ" ಎಂದು ಮರಾಠಿಯಲ್ಲಿ ಹೇಳಿದಳಂತೆ, ಇದನ್ನೇ ಕುಡಿದಿದ್ದಾರೆ ಎಂದು. ಆ ಮೂರು ದಿನ ನಾನು ಮನೆಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಆಯಿ ಹೇಳಿಬಿಡುತ್ತಾಳೆ, ಈಗ ಹೇಳುತ್ತಾಳೆ...

ಅಜ್ಜ ಬದುಕಿ ಬಂದ. ಅಂದೇ ಅಪ್ಪ ಆಯಿಯ ಬಾಗಿಲಿಗೆ ಹೋದ. ಚಾಳಿನ ಮಂದಿಯೆಲ್ಲ ಹಿಂದೆ ನಿಂತಿದ್ದರು. ನಾನು ಅವ್ವನ ಸೆರಗು ಹಿಡಿದಿದ್ದೆ.

"ಎಲಿ ನೀವಾ ಕೊಟ್ರೇನ್ ಆಯಿ?"

ಅವಳು ಅವ್ವನ ಸೆರಗಿನತ್ತ ಒಮ್ಮೆ ಕಣ್ಣು ಹಾಯಿಸಿದಳು. "ಹೌದಪಾ. ವಯಸ್ಸಾತು, ಕಣ್ಣು ಮಂಜಾಗ್ಯಾವ. ತಪ್ಪಾತು."

ಅಪ್ಪ ಹಾರೆ ತಂದು ಗಿಡಗಳನ್ನು ಕಿತ್ತು ಹಾಕಿದ, ಆಡುಸೋಗೆಯನ್ನೂ ಬಿಡಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅಂದಿನಿಂದ ಯಾರೂ ಅವಳ ಹತ್ತಿರ ಔಷಧಕ್ಕೆ ಹೋಗಲಿಲ್ಲ. ಹಬ್ಬದ ಹೋಳಿಗೆಯೂ ಆ ಖೋಲಿಯ ತನಕ ಮುಟ್ಟುತ್ತಿರಲಿಲ್ಲ. ಎರಡು ತಿಂಗಳಲ್ಲಿ ಗಂಟು ಕಟ್ಟಿಕೊಂಡು ಬೀದರ ಕಡೆ ತಂಗಿಯ ಊರಿಗೆ ಹೊರಟುಹೋದಳು. ಹೋಗುವಾಗ ನನ್ನ ತಲೆ ಸವರಿದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಮೊನ್ನೆ ವಾಕಡದಿಂದ ಮನೆಗೆ ಬಂದವಳು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳಿಗೀಗ ಎಂಬತ್ತು ದಾಟಿದೆ. ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪಿನಿಂದ ತಲೆಯೆತ್ತಲಿಲ್ಲ.

"ನನಗ ಅವತ್ತ ಗೊತ್ತಿತ್ತವಾ. ಆಯಿ ಮಂಡಿಯಿಂದ ಬರೂದು ನಾನೂ ನೋಡಿದ್ನೆಲ್ಲ. ನಿನ್ನ ಅಪ್ಪನ ಸಿಟ್ಟು ಅಂದ್ರ... ನಾನೂ ಸುಮ್ಮ ನಿಂತೆ."

ಆಯಿಯ ತಂಗಿಯ ಊರಿನವರ ಫೋನ್ ನಂಬರ್ ಹುಡುಕಿಸಿ ನಿನ್ನೆ ಮಾತಾಡಿದೆವು. ಆಯಿ ತೀರಿಕೊಂಡು ಬಹಳ ವರ್ಷಗಳಾದವಂತೆ. ಯಾರು ನೀವು, ಏನಾಗಬೇಕಿತ್ತು ಎಂದು ಆ ಕಡೆಯವರು ಕೇಳಿದರು. ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು.