ನೀಲಮ್ಮ ಮಿಸ್ ಅಂಟಿಸಿದ ಬೊಟ್ಟು

ನೀಲಮ್ಮ ಮಿಸ್ ಅವರನ್ನು ನಾನು ಮೊದಲ ಸಲ ನೋಡಿದ್ದು ಹಿಂದಿನಿಂದ, ಅದೂ ಅರ್ಧ ಮಾತ್ರ. ಉಳಿದರ್ಧ ಒಂದು ಮೇಜಿನ ಕೆಳಗಿತ್ತು. ಲಗ್ಗೆರೆಯ ಆ ಪುಟ್ಟ ಶಿಶುವಿಹಾರಕ್ಕೆ ಕೆಲಸ ಕೇಳಿಕೊಂಡು ಬೆಳಿಗ್ಗೆ ಬೇಗನೆ ಹೋಗಿದ್ದೆ. ಬಾಗಿಲು ತೆರೆದಿತ್ತು, ಒಳಗೆ ಮಕ್ಕಳಿರಲಿಲ್ಲ. ಅರವತ್ತು ದಾಟಿದ, ಮೈ ಕೈ ತುಂಬಿಕೊಂಡ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಬಿಗಿದು ಅಂಬೆಗಾಲಿಕ್ಕುತ್ತಿದ್ದರು. ಪಾಪ, ಬಿದ್ದಿದ್ದಾರೆ ಎಂದುಕೊಂಡು ಓಡಿಹೋಗಿ ಸೊಂಟ ಹಿಡಿದು ಎತ್ತಲು ನೋಡಿದೆ.

"ಬಿದ್ದಿಲ್ಲವಾ, ಕೆಲಸದಾಗ ಅದೀನಿ. ಇಂಟರ್ವ್ಯೂಕ್ಕ ಬರ್ತೀನಂದಾಕಿ ನೀನ ಏನು? ಹಂಗಾರ ಬಗ್ಗು ಮತ್ತ" ಎಂದಿತು ಮೇಜಿನ ಕೆಳಗಿನ ದನಿ.

ಇಸ್ತ್ರಿ ಮಾಡಿದ ಸೀರೆಯುಟ್ಟು, ಸರ್ಟಿಫಿಕೇಟುಗಳ ಫೈಲು ಹಿಡಿದು ಬಂದವಳು ನಾನು. ಫೈಲನ್ನು ಪಕ್ಕಕ್ಕಿಟ್ಟು ಮೇಜಿನಡಿ ನುಸುಳಿದೆ. ಎರಡೂವರೆ ವರ್ಷದ ಮಗು ಇಲ್ಲಿ ಕೂತರೆ ಅದಕ್ಕೆ ಏನು ಕಾಣುತ್ತದೆ ಎಂಬುದಷ್ಟೇ ಅವರ ಪ್ರಶ್ನೆ. ಮೇಜಿನ ಕಾಲು ಎಂದೆ. ಇನ್ನೇನು ಎಂದರು. ತಲೆ ಎತ್ತಿದಾಗ ಹಲಗೆಯ ಅಡಿಯಿಂದ ಇಣುಕುತ್ತಿದ್ದ ಮೊಳೆಯೊಂದು ನನ್ನ ಹಣೆಗೆ ಸರಿಯಾಗಿ ತಾಗಿತು. ಅಯ್ಯೋ, ಮೊಳೆ ಎಂದು ಕೂಗಿದೆ. "ಸಿಕ್ತಲ್ಲ, ಕೆಲಸಾನೂ ಸಿಕ್ತು" ಎಂದರು. ನನ್ನ ಫೈಲನ್ನು ಅವರು ಅಂದೂ ಬಿಚ್ಚಲಿಲ್ಲ, ಮುಂದೆಯೂ ಬಿಚ್ಚಲಿಲ್ಲ.

ಹಾವೇರಿ ಕಡೆಯವರು ಅವರು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಬೆಂಗಳೂರಿಗೆ ಬಂದು ನಾಗಸಂದ್ರದ ಅಪಾರ್ಟ್‌ಮೆಂಟೊಂದರಲ್ಲಿ ನೆಲೆ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಸುಮ್ಮನೆ ಕೂರಲಾಗದೆ ಲಗ್ಗೆರೆಯಲ್ಲಿ ನೆಲಮಹಡಿಯೊಂದನ್ನು ಬಾಡಿಗೆಗೆ ಹಿಡಿದು ಶಿಶುವಿಹಾರ ತೆರೆದರು. ಸುತ್ತಲೂ ಪೀಣ್ಯದ ಕಾರ್ಖಾನೆಗಳಿಗೆ, ಲೇತು, ಪ್ರೆಸ್ಸು, ಗಾರ್ಮೆಂಟ್ಸುಗಳಿಗೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು. ಹಾಡು, ಅಕ್ಷರ, ಬಣ್ಣಗಳೆಲ್ಲ ನಮ್ಮ ಪಾಲಿಗೆ ಬಿಟ್ಟು, ಮಕ್ಕಳನ್ನು ಬೆಳಿಗ್ಗೆ ಬಂದ ಹಾಗೆಯೇ ಸಂಜೆ ಮನೆಗೆ ಕಳಿಸುವ ಕೆಲಸವನ್ನು ಅವರು ತಾವೇ ಇಟ್ಟುಕೊಂಡಿದ್ದರು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಮುಖದಲ್ಲಿ ಮಾತ್ರ ತುಂಟ ಹುಡುಗಿಯ ಕಳೆ.

ವಿಭೂತಿಯ ಈ ಹೆಂಗಸಿನ ಪರ್ಸಿನಲ್ಲಿ ಯಾವಾಗಲೂ ಒಂದು ಪ್ಯಾಕೆಟ್ ಕೆಂಪು ಸ್ಟಿಕ್ಕರ್ ಬೊಟ್ಟು ಇರುತ್ತಿತ್ತು. ಅದರ ಗುಟ್ಟು ನನಗೆ ಎರಡನೆಯ ದಿನವೇ ತಿಳಿಯಿತು. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಅವರು ಒಂದು ಬೊಟ್ಟನ್ನು ಮೊಣಕಾಲಿಗಿಂತ ಕೆಳಗೆ ಎಲ್ಲಾದರೂ ಅಂಟಿಸಿ ಹೋಗುತ್ತಿದ್ದರು. ಪೈಪಿನ ಹಿಂದೆ, ಕುರ್ಚಿಯ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ, ಬಕೆಟ್ಟಿನ ತಳದಲ್ಲಿ. ಮಾರನೆಯ ಬೆಳಿಗ್ಗೆ ಸರದಿಯ ಟೀಚರು ಮಕ್ಕಳು ಬರುವುದರೊಳಗೆ ಅಂಬೆಗಾಲಿಕ್ಕಿ ಇಡೀ ಶಾಲೆ ಸುತ್ತಿ, ಮಗುವಿನ ಬಾಯಿಗೆ, ಮೂಗಿಗೆ, ಬೆರಳಿಗೆ ಸಿಕ್ಕಬಾರದ್ದೆಲ್ಲ ಹೆಕ್ಕಬೇಕು. ದಾರಿಯಲ್ಲಿ ಸಿಗುವ ಬೊಟ್ಟನ್ನು ಹಣೆಗೆ ಇಟ್ಟುಕೊಂಡು ಬರಬೇಕು. ಬೊಟ್ಟಿಲ್ಲದೆ ಬಂದರೆ ನೆಲವನ್ನು ಸರಿಯಾಗಿ ನೋಡಿಲ್ಲವೆಂದು ಅರ್ಥ, ಇನ್ನೊಂದು ಸುತ್ತು ಹೋಗಬೇಕು.

ನನ್ನ ಜೊತೆಯ ರೇಖಾ ಒಂದು ದಿನ ಜಾಣತನ ತೋರಿಸಲು ಹೋಗಿ, ಮನೆಯಿಂದಲೇ ಅಂಥದೇ ಕೆಂಪು ಬೊಟ್ಟನ್ನು ಇಟ್ಟುಕೊಂಡು ಬಂದಳು. ನೀಲಮ್ಮ ಮಿಸ್ ಅವಳ ಹಣೆಯನ್ನೇ ನೋಡಿ, ಚಂದ ಕಾಣ್ತೀಯವಾ ಎಂದು ಹೊಗಳಿ, ಅವಳ ಕಣ್ಣೆದುರೇ ನೀರಿನ ಫಿಲ್ಟರಿನ ಸ್ಟ್ಯಾಂಡಿನ ಕೆಳಗೆ ಕೈ ಹಾಕಿ ತಮ್ಮ ಬೊಟ್ಟನ್ನು ಕಿತ್ತು ಅದೇ ಹಣೆಗೆ ಇನ್ನೊಂದಾಗಿ ಅಂಟಿಸಿದರು. ಎರಡು ಬೊಟ್ಟಿನ ರೇಖಾ ಮಿಸ್ಸನ್ನು ಮಕ್ಕಳು ದಿನವಿಡೀ ಸುತ್ತುವರಿದು ನೋಡಿದವು.

ಅವರ ಇನ್ನೊಂದು ಆಸ್ತಿ ರಾಜಾ. ಲೇತ್ ಯಂತ್ರದಲ್ಲಿ ಕಬ್ಬಿಣ ಹೆರೆಯುವ ಅಪ್ಪಂದಿರ ಬೂಟಿನ ತಳಕ್ಕೆ ಕಬ್ಬಿಣದ ಸುರುಳಿ ಚೂರುಗಳು ಕಚ್ಚಿಕೊಂಡು ಬರುತ್ತವೆ. ಮಗುವನ್ನು ಬಿಡಲು ಅವರು ಜಗಲಿ ಹತ್ತಿದರೆ ಚೂರು ನೆಲಕ್ಕೆ ಬೀಳುತ್ತದೆ, ಬರಿಗಾಲಿನ ಮಗು ಅದರ ಮೇಲೆ ಕೂರುತ್ತದೆ. ನೀಲಮ್ಮ ಮಿಸ್ ಪೀಣ್ಯದ ಗುಜರಿಯಿಂದ ದೊಡ್ಡ ಸ್ಪೀಕರಿನ ಆಯಸ್ಕಾಂತವೊಂದನ್ನು ತರಿಸಿ, ಹಗ್ಗ ಕಟ್ಟಿ, ರಾಜಾ ಎಂದು ಹೆಸರಿಟ್ಟು, ಬೆಳಿಗ್ಗೆ ಸಂಜೆ ಜಗಲಿ, ಗೇಟು, ಅಂಗಳದ ತುಂಬ ನಾಯಿಯ ಹಾಗೆ ಎಳೆದುಕೊಂಡು ತಿರುಗುತ್ತಿದ್ದರು. ಸುತ್ತು ಮುಗಿಯುವ ಹೊತ್ತಿಗೆ ರಾಜಾನ ಮೈತುಂಬ ಕಬ್ಬಿಣದ ಕೂದಲು. ರಾಜಾ ತಿಂಡಿ ತಿಂದನಾ ಎಂದು ಮಕ್ಕಳು ಕೇಳದ ದಿನವಿಲ್ಲ.

ಇದನ್ನೆಲ್ಲ ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತು ಗುರಾಯಿಸುತ್ತಿದ್ದವರು ಕಟ್ಟಡದ ಮಾಲೀಕರಾದ ಹನುಮಂತರಾಯಪ್ಪನವರು. ಲಗ್ಗೆರೆಯ ಮೂಲದವರೇ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿಯೇ ಈ ಕಟ್ಟಡ ಎಬ್ಬಿಸಿ, ಮೇಲೆ ತಾವಿದ್ದು, ಉಳಿದದ್ದನ್ನು ಬಾಡಿಗೆಗೆ ಕೊಟ್ಟಿದ್ದರು. ಅವರ ಮೊಮ್ಮಗ ಲಿಖಿತನೂ ನಮ್ಮಲ್ಲಿಗೇ ಬರುತ್ತಿದ್ದ. ಒಮ್ಮೆ ಅವರು ಮಧ್ಯಾಹ್ನ ಮೊಮ್ಮಗನನ್ನು ಕರೆದೊಯ್ಯಲು ಇಳಿದು ಬಂದಾಗ, ತಾತ ಬರುತ್ತಾರೆಂದು ತಾಯಿ ಹೇಳಿಲ್ಲವೆಂದು ನೀಲಮ್ಮ ಮಿಸ್ ಮಗುವನ್ನು ಕಳಿಸಲಿಲ್ಲ. ಸೊಸೆ ಫೋನು ಎತ್ತುವವರೆಗೂ ರಾಯಪ್ಪನವರು ತಮ್ಮದೇ ಅಂಗಳದಲ್ಲಿ, ಬಾಡಿಗೆದಾರರೆಲ್ಲ ನೋಡುವ ಹಾಗೆ, ಬಿಸಿಲಿನಲ್ಲಿ ನಿಂತಿದ್ದರು. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ನಿಜವಾದ ಜಗಳ ಬಂದದ್ದು ಸಂಪಿನಿಂದ. ಅಂಗಳದ ನಡುವೆ, ಗೇಟಿನಿಂದ ಜಗಲಿಗೆ ಬರುವ ದಾರಿಯಲ್ಲೇ ನೆಲದೊಳಗಿನ ನೀರಿನ ಸಂಪು, ಅದಕ್ಕೊಂದು ಕಬ್ಬಿಣದ ಮುಚ್ಚಳ. ರಾಯಪ್ಪನವರ ಹೆಂಡತಿ ದಿನಾ ಅದರ ಮೇಲೆಯೇ ರಂಗೋಲಿ ಹಾಕುತ್ತಿದ್ದುದರಿಂದ ಮೇಲಿನಿಂದ ನೋಡಿದವರಿಗೆ ಹೂವು, ಬಳ್ಳಿ ಕಾಣುತ್ತಿತ್ತೇ ಹೊರತು ಕಬ್ಬಿಣ ಕಾಣುತ್ತಿರಲಿಲ್ಲ. ತುಳಿದರೆ ಢಬ್ ಎನ್ನುತ್ತದೆಂದು ಲಿಖಿತ ಅದರ ಮೇಲೆ ಕುಣಿಯುತ್ತಿದ್ದ, ಉಳಿದವರಿಗೂ ಕಲಿಸಿದ್ದ. ಒಂದು ಬೆಳಿಗ್ಗೆ ನೀಲಮ್ಮ ಮಿಸ್ ರಾಜಾನನ್ನು ಎಳೆದುಕೊಂಡು ಆ ಕಡೆ ಹೋದಾಗ ಅವನು ಮುಚ್ಚಳಕ್ಕೆ ಕಚ್ಚಿಕೊಂಡು ಅಲ್ಲಾಡಲಿಲ್ಲ. ಜಗ್ಗಿದರು. ರಾಜಾ ಬಂದ, ಅವನ ಜೊತೆ ಅಂಗೈಯಗಲದ ತುಕ್ಕಿನ ಹಪ್ಪಳವೂ ಎದ್ದು ಬಂತು. ನೀಲಮ್ಮ ಮಿಸ್ ಅಲ್ಲೇ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಅಂಚಿನಲ್ಲಿ ಇಣುಕಿದರು. ಎದ್ದು ಬಂದಾಗ ಮುಖದಲ್ಲಿ ಎಂದಿನ ತುಂಟತನ ಇರಲಿಲ್ಲ.

ಮಕ್ಕಳು ಬರುವ ಹೊತ್ತು. ಅವರು ಗೇಟಿಗೆ ಚಿಲಕ ಹಾಕಿ, ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಮುಚ್ಚಳ ಬದಲಾಗುವವರೆಗೆ ಶಾಲೆ ಇಲ್ಲವೆಂದು ಬಂದವರಿಗೆಲ್ಲ ಹೇಳಿದರು. ಶಿಫ್ಟಿಗೆ ಹೊರಟ ಅಪ್ಪ ಅಮ್ಮಂದಿರು ಮಗುವನ್ನು ಎತ್ತಿಕೊಂಡೇ ಗೊಣಗತೊಡಗಿದರು. ರಾಯಪ್ಪನವರು ಪಂಚೆ ಎತ್ತಿಕಟ್ಟಿ ಇಳಿದು ಬಂದರು, ಹಿಂದೆಯೇ ಮೊಮ್ಮಗನ ಕೈ ಹಿಡಿದು ಅವರ ಹೆಂಡತಿ. ಮುಚ್ಚಳ ಬದಲಿಸುವುದೆಂದರೆ ಸಿಮೆಂಟು ಒಡೆಯಬೇಕು, ಮನೆಗಳಿಗೆಲ್ಲ ನೀರಿಲ್ಲ, ಬಂದ ಟ್ಯಾಂಕರು ವಾಪಸ್ಸು ಹೋಗಬೇಕು ಎಂದೆಲ್ಲ ಕೂಗಾಡಿದರು.

"ಮನೆ ಕಟ್ಟಿದಾಗ್ಲಿಂದ ಐತೆ ಆ ಮುಚ್ಳ. ಅದ್ರ ಮ್ಯಾಲೆ ಗಾಡಿ ನಿಲ್ಸಿವ್ನಿ. ಅಂಗೆಲ್ಲ ಏನೂ ಆಗಕ್ಕಿಲ್ಲ ಕಣಮ್ಮ. ನಿಂಗೆ ಆಗ್ದಿದ್ರೆ ಬಿಲ್ಡಿಂಗ್ ಖಾಲಿ ಮಾಡು."

ಖಾಲಿ ಮಾಡಿದರೆ ಆ ಬಾಡಿಗೆಗೆ ನೆಲಮಹಡಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಶಾಲೆಯೂ ಇಲ್ಲ, ಆ ಮಕ್ಕಳನ್ನು ಹಗಲು ನೋಡಿಕೊಳ್ಳುವವರೂ ಇಲ್ಲ. ನೀಲಮ್ಮ ಮಿಸ್ ಕುರ್ಚಿಯಿಂದ ಏಳಲಿಲ್ಲ.

"ಬಿಲ್ಡಿಂಗ್ ನಿಮ್ದು, ಸಂಪೂ ನಿಮ್ದು, ಮೊಮ್ಮಗನೂ ನಿಮ್ಮಾವನ. ಖಾಲಿ ಮಾಡು ಅಂದ್ರ ಮಾಡ್ತೀನ್ರಿ. ಅದಕ್ಕಿಂತ ಮೊದಲ ಒಮ್ಮಿ ಅದರ ಮ್ಯಾಲ ಹತ್ತಿ ನಿಂತು, ನಿಮ್ಮ ಹುಡುಗ ಜಿಗ್ಯೂಹಂಗ ಜಿಗೀರಿ. ಎಲ್ಲಾರೂ ನೋಡ್ಲಿ."

ಅಷ್ಟೂ ಜನರ ಮುಂದೆ ಹಿಂದೆ ಸರಿಯಲು ರಾಯಪ್ಪನವರಿಗೆ ಮನಸ್ಸಾಗಲಿಲ್ಲ. ಮೀಸೆ ತೀಡಿಕೊಂಡು ಮುಚ್ಚಳದ ಹತ್ತಿರ ಹೋಗಿ, ರಂಗೋಲಿಯ ಮೇಲೆ ಒಂದು ಕಾಲಿಟ್ಟು ಸ್ವಲ್ಪ ಭಾರ ಹಾಕಿದರು. ಕಿರ್ ಎಂದಿತು. ಕಾಲು ಅಲ್ಲೇ ನಿಂತಿತು, ಇನ್ನೊಂದು ಕಾಲು ಮೇಲೇಳಲಿಲ್ಲ. ಅಷ್ಟರಲ್ಲಿ ಅಜ್ಜಿಯ ಕೈ ಬಿಡಿಸಿಕೊಂಡ ಲಿಖಿತ, ತಾತ, ನಾನೂ ಬತ್ತೀನಿ, ಇಬ್ರೂ ಜಂಪ್ ಮಾಡಾಣ ಎನ್ನುತ್ತ ಖುಷಿಯಿಂದ ಓಡಿ ಬಂದ. ಅವನು ಹಾರುವುದಕ್ಕೂ ರಾಯಪ್ಪನವರು ಅವನ ರಟ್ಟೆ ಹಿಡಿದು ಎದೆಗೆ ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ಅಜ್ಜ ಮೊಮ್ಮಗ ಇಬ್ಬರೂ ಪಕ್ಕದ ಮಣ್ಣಿನಲ್ಲಿ ಕುಕ್ಕರಿಸಿದರು. ಹುಡುಗ ನಗುತ್ತಿದ್ದ. ತಾತ ಹಿಡಿದ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಯಾರೂ ನಗಲಿಲ್ಲ, ನೀಲಮ್ಮ ಮಿಸ್ ಕೂಡ. ಎದ್ದು ಹೋಗಿ ಲಿಖಿತನನ್ನು ಎತ್ತಿಕೊಂಡು, ರಾಯಪ್ಪನವರಿಗೆ ಕುಡಿಯಲು ನೀರು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ರಾಯಪ್ಪನವರು ಒಳಗಿನಿಂದ ಹಾರೆ ತಂದು ಮುಚ್ಚಳದ ಅಂಚಿಗೆ ಮೆಲ್ಲಗೆ ಒಂದೇಟು ಹಾಕಿದರು. ಹಾರೆ ತಳದವರೆಗೂ ಇಳಿಯಿತು. ಕಬ್ಬಿಣದ ತುಂಡು ನೀರಿಗೆ ಬಿದ್ದ ಸದ್ದು ಗೇಟಿನಾಚೆ ನಿಂತವರಿಗೂ ಕೇಳಿಸಿತು.

ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ರಾಯಪ್ಪನವರು ತಾವೇ ಪೀಣ್ಯಕ್ಕೆ ಹೋಗಿ ದಪ್ಪನೆಯ ಮುಚ್ಚಳ, ಅದಕ್ಕೆ ಬೀಗ ಮಾಡಿಸಿ ತಂದರು. ಬೀಗದ ಕೈಯನ್ನು ನೀಲಮ್ಮ ಮಿಸ್ ಕೈಗೆ ಕೊಡದೆ ಅವರ ಮೇಜಿನ ಮೇಲಿಟ್ಟು ಹೋದರು. ಮಾತು ಮಾತ್ರ ಬಿಟ್ಟಿದ್ದರು. ಆಮೇಲೊಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ನೀವು ದಿನಾ ಅದೇನು ನೋಡುತ್ತೀರೋ ನಾವೂ ಒಂದು ಸಲ ನೋಡುತ್ತೇವೆ ಎಂದು ಗೋಡೆಗೆ ಹೇಳುವವರ ಹಾಗೆ ಹೇಳಿ, ಪಂಚೆ ಮೇಲೆತ್ತಿ ಕಟ್ಟಿ ಅಂಬೆಗಾಲಿಗೆ ಇಳಿದರು. ಉಸ್ಸಪ್ಪಾ ಎನ್ನುತ್ತ ಇಡೀ ಶಾಲೆ ಸುತ್ತಿ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬೊಟ್ಟನ್ನು ಪತ್ತೆ ಮಾಡಿದರು. ಆಟದ ನಿಯಮ ಎಲ್ಲರಿಗೂ ಒಂದೇ ಎಂದು ನೀಲಮ್ಮ ಮಿಸ್ ಅದನ್ನು ಅವರ ಹಣೆಗೆ ಅಂಟಿಸಿದರು. ಅದನ್ನು ಮರೆತು ರಾಯಪ್ಪನವರು ಹಾಲು ತರಲು ಹೋಗಿ, ಸಲೂನಿನಲ್ಲಿ ಪೇಪರು ಓದಿ, ಊರೆಲ್ಲ ಸುತ್ತಿ ಮನೆಗೆ ಬಂದರಂತೆ. ಅಂದು ಬಾಲ್ಕನಿಯಿಂದ ಕೇಳಿಸಿದ ಅವರ ಹೆಂಡತಿಯ ನಗು ಬಹಳ ಹೊತ್ತಾದರೂ ನಿಲ್ಲಲಿಲ್ಲ. ಆಮೇಲೆ ರಾಜಾನನ್ನು ತಿರುಗಾಡಿಸುವ ಕೆಲಸವನ್ನು ಯಾರೂ ಕೇಳದೆಯೇ ರಾಯಪ್ಪನವರು ವಹಿಸಿಕೊಂಡರು.

ವರ್ಷಗಟ್ಟಲೆ ನೆಲಕ್ಕೂರಿದ ಮಂಡಿಗಳು ಕೊನೆಗೂ ಮುಷ್ಕರ ಹೂಡಿದವು. ಇನ್ನು ಕಾಲು ಮಡಚುವಂತಿಲ್ಲ ಎಂದು ಡಾಕ್ಟರು ಹೇಳಿದರು. ನಿಂತು ನೋಡುವ ಶಾಲೆ ತಮಗೆ ಬೇಡವೆಂದು ನೀಲಮ್ಮ ಮಿಸ್ ಅದನ್ನು ನನ್ನ ಕೈಗೊಪ್ಪಿಸಿ ಹಾವೇರಿಗೆ, ತಂಗಿಯ ಮನೆಗೆ ಹೊರಟರು. ಕೊನೆಯ ಸಂಜೆ ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದರು. ಮಂಡಿ ಮಡಚಬೇಡಿ ಎಂದು ನಾನು ಕಿಟಕಿಯಿಂದ ಬೇಡಿಕೊಂಡೆ. ಹೊರಬಂದು ಬೊಟ್ಟಿನ ಖಾಲಿ ಪ್ಯಾಕೆಟ್ಟನ್ನು ನನ್ನ ಕೈಗಿಟ್ಟರು. "ಅಂಟಿಸೇನಿ. ಮುಂಜಾನೆದ್ದು ಹುಡುಕ್ರಿ" ಎಂದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಮಾರನೆಯ ದಿನ ಹುಡುಕಿದೆವು. ಸಿಗಲಿಲ್ಲ. ವಾರವಿಡೀ ಹುಡುಕಿದೆವು. ಫೋನು ಮಾಡಿ ಸುಳಿವು ಕೇಳಿದಾಗಲೆಲ್ಲ ನಗುತ್ತಿದ್ದರು. ಹುಡುಕಾಟದಲ್ಲಿ ಸ್ಕ್ರೂ, ಕಡಲೆಬೀಜ, ಗಡಿಯಾರದ ಸೆಲ್ಲು, ಅಂಗಿಯ ಗುಂಡಿ ಎಲ್ಲವೂ ದಿನದಿನ ಸಿಕ್ಕವು, ಬೊಟ್ಟೊಂದು ಬಿಟ್ಟು. ಅವರು ತೀರಿಕೊಂಡ ಸುದ್ದಿ ಹೇಳಲು ತಂಗಿ ಫೋನು ಮಾಡಿದಾಗಲೂ ನಾನು ಮೇಜಿನ ಕೆಳಗೇ ಇದ್ದೆ. ಅಲ್ಲಿಯೇ ಕೂತು ಅತ್ತೆ. ಮಕ್ಕಳು ಬರುವುದರೊಳಗೆ ಮುಖ ತೊಳೆದುಕೊಂಡೆ.

ಲಿಖಿತ ಈಗ ದೊಡ್ಡ ಶಾಲೆಗೆ ಹೋಗುತ್ತಾನೆ. ಅವನ ತಾತ ಮಾತ್ರ ಬೆಳಿಗ್ಗೆ ರಾಜಾನ ಸುತ್ತು ಮುಗಿಸಿ ತಪ್ಪದೆ ಒಳಗೆ ಬರುತ್ತಾರೆ. ಮೊನ್ನೆ ನನ್ನ ಬರಿಹಣೆಯನ್ನು ನೋಡಿ ತಲೆಯಾಡಿಸಿದರು.

"ಆಯಮ್ಮ ಅಂಟ್ಸೇ ಇಲ್ಲ ಕಣವ್ವ. ನಮ್ಮುನ್ನ ದಿನಾ ಬಗ್ಸಕ್ಕೆ ಅಂತ ಏಳಿರೋ ಸುಳ್ಳು ಅದು."

ನನಗೂ ಹಾಗೆಯೇ ಅನಿಸುತ್ತದೆ ಎಂದೆ. ರಾಯಪ್ಪನವರು ಬಾಗಿಲವರೆಗೆ ಹೋಗಿ ಹಿಂತಿರುಗಿದರು. ಆಮೇಲೆ, ಆ ಬೀರುವಿನ ಹಿಂದೆ ಸರಿಯಾಗಿ ನೋಡಿದ್ದೀರಾ ಎಂದು ಕೇಳಿ, ಪಂಚೆ ಮೇಲೆತ್ತಿ ಕಟ್ಟಿ, ಮೆಲ್ಲಗೆ ಮಂಡಿಯೂರಿದರು.