ಜೂನ್ ಒಂದರ ಮಕ್ಕಳು

ನೆಲೋಗಿಯಲ್ಲಿ ನನ್ನ ವಯಸ್ಸಿನವರನ್ನು ಯಾರನ್ನೇ ಕೇಳಿ, ಹುಟ್ಟಿದ್ದು ಜೂನ್ ಒಂದಕ್ಕೆ. ಅಷ್ಟೂ ಮಂದಿಯನ್ನು ಒಂದೇ ದಿನ ಹುಟ್ಟಿಸಿದವರು ನಮ್ಮ ಮಲ್ಕಪ್ಪ ಮಾಸ್ತರರು! ಶಾಲೆಗೆ ಸೇರಲು ಬಂದ ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ತಾರೀಖು ಯಾವ ತಂದೆತಾಯಿಗೆ ನೆನಪಿತ್ತು? ಮಾಸ್ತರರೇ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು.

ಹಾಗಂತ ಅವರು ಸಡಿಲ ಮನುಷ್ಯರಲ್ಲ. ಒಂದು ಪದ ತಪ್ಪಿದರೆ ಇಪ್ಪತ್ತು ಸಲ ಬರೆಸುತ್ತಿದ್ದರು. "ಸುಳ್ಳು ಬ್ಯಾರೆ, ಖೊಟ್ಟಿ ಬ್ಯಾರೆ ಲೇ" ಎಂದು ನನ್ನ ಕಿವಿ ಹಿಂಡಿ ಕಲಿಸಿದವರೂ ಅವರೇ. "ತಿಳೀದೆ ಬರೆದಿದ್ದೂ ಸುಳ್ಳಾಗಬಹುದು. ಖೊಟ್ಟಿ ಹಂಗಲ್ಲ. ಮೋಸ ಮಾಡ್ಬೇಕಂತ ಕುಂತು ಮಾಡಿದ್ದು."

ಹೋದ ವರ್ಷ ರೇವಮ್ಮನ ಮೇಲೆ ಅರ್ಜಿ ಬಿತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು, ನನ್ನ ಜೊತೆಗೇ ಒಂದನೆಯ ತರಗತಿಗೆ ಸೇರಿದವಳು. ಅರವತ್ತು ದಾಟಿದರೂ ವಯಸ್ಸು ಕಡಿಮೆ ತೋರಿಸಿ ಕೆಲಸದಲ್ಲಿದ್ದಾಳೆಂದು ಯಾವನೋ ಬರೆದಿದ್ದ. ಜೇವರ್ಗಿಯ ಕಚೇರಿಗೆ ಮಾಸ್ತರರನ್ನು ಕರೆಸಿದರು. ಎಪ್ಪತ್ತೈದರ ಮುದುಕರು, ಜೊತೆಗೆ ನಾನು ಹೋದೆ.

"ಈ ತಾರೀಖ ಖರೇ ಅದ ಏನ್ರಿ?" ಗುಮಾಸ್ತ ಕೇಳಿದ.

"ಇಲ್ರಿ, ಸುಳ್ಳ ಅದ. ನಾನೇ ಅಂದಾಜಿಲೆ ಬರ್ದೀನಿ. ಆವಾಗ ಎಲ್ಲಾರಿಗೂ ಹಂಗೇ ಬರೀತಿದ್ದೆ" ಎಂದರು ಮಾಸ್ತರರು.

ಮಾಸ್ತರರ ಹೇಳಿಕೆಯೆಂದು ಗುಮಾಸ್ತ ಬರೆದದ್ದು ಒಂದೇ ಸಾಲು: ರೇವಮ್ಮನ ಜನ್ಮ ದಾಖಲೆ ಖೊಟ್ಟಿಯಾಗಿದೆ. ಓದುತ್ತಿದ್ದ ಮಾಸ್ತರರ ಬೆರಳು ಆ ಪದದ ಮೇಲೆ ನಿಂತಿತು. "ಇದು..." ಎಂದರು. ನಾನೊಬ್ಬ ಬುದ್ಧಿಗೇಡಿ, "ಸರ, ಕಡೀ ಬಸ್ ಬಿಡಾಕತ್ತದರಿ, ಲಗೂನ ಸಹಿ ಮಾಡ್ರಿ" ಎಂದೆ. ಅವರು ಸಹಿ ಮಾಡಿದರು. ಆ ಬಸ್ಸಿಗಿಷ್ಟು ಬೆಂಕಿ ಬೀಳಲಿ!

ರೇವಮ್ಮನ ಕೆಲಸ ಹೋಯಿತು. ಆ ಸಾಲು ತಿದ್ದಿಸಲು ಮಾಸ್ತರರು ಆರು ಸಲ ಜೇವರ್ಗಿಗೆ ಅಲೆದರು. "ಓದಿಯೇ ಸಹಿ ಮಾಡೀರಲ್ರಿ?" ಅಷ್ಟೇ ಉತ್ತರ. ಇಡೀ ಊರಿಗೆ ಪದ ತಿದ್ದಿದ ಮನುಷ್ಯನಿಗೆ ಆ ಒಂದು ಪದ ತಿದ್ದಲಾಗಲಿಲ್ಲ. ಅವಸರ ಮಾಡಿದವನು ನಾನಲ್ಲವೇ?

ಕೊನೆಗೆ ಇಬ್ಬರೂ ಅವಳ ಮನೆಗೆ ಹೋದೆವು. ಮಾಸ್ತರರು ಬಾಗಿಲಲ್ಲೇ ನಿಂತು, "ತಪ್ಪಾತವಾ, ಆ ಮಾತ ನಾ ಅಲ್ಲೇ ಹೊಡೆದು ಹಾಕ್ಬೇಕಿತ್ತು" ಎಂದು ಅತ್ತುಬಿಟ್ಟರು.

ರೇವಮ್ಮ ಚಾಪೆ ಹಾಸಿದಳು.

"ಕೆಲಸ ಹೋದ್ರ ಹೋಗ್ಲಿರಿ ಸರ. ಮಂದಿ ನನ್ನ ಖೊಟ್ಟಿ ರೇವಮ್ಮ ಅಂತಾರ. ನಾ ಏನ್ ಮಾಡೀನ್ರಿ? ಕಿವಿ ಮುಟ್ಟು ಅಂದ್ರಿ, ಮುಟ್ಟಿದೆ."